ಎರಡಾಣೆಯ ಪಿಗ್ಮಿ, ಜಾಗತಿಕ ಪೈಪೋಟಿ

ಸಂಜೆಯಾಗುತ್ತಿದ್ದಂತೆ ಹೆಗಲಿಗೊಂದು ಚೀಲ ತೂಗುಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹತ್ತಿಳಿಯುವ ಪಿಗ್ಮಿ ಏಜೆಂಟರನ್ನು ಕರ್ನಾಟಕದ ಪೇಟೆ ಬೀದಿಗಳಲ್ಲಿ ಕಾಣದವರು ವಿರಳ. ಹೋಟೆಲಿನ ಗಲ್ಲಾದಲ್ಲಿ ಕುಳಿತವರು, ಹೂವು ಮಾರುವವರು, ದರ್ಜಿಗಳು, ಕ್ಷೌರದಂಗಡಿಯವರು, ಹೀಗೆ ಎಲ್ಲರೂ ದಿನದ ದುಡಿಮೆಯಲ್ಲಿ ಒಂದಿಷ್ಟನ್ನು ಅವರ ಕೈಗೆ ಹಾಕಿ ರಸೀತಿ ಪಡೆಯುತ್ತಾರೆ. ಕೆಲವು ತಿಂಗಳು ಕಳೆದರೆ ಅದೇ ಮಗಳ ಕಾಲೇಜಿನ ಫೀಸು, ಮಳೆಗಾಲಕ್ಕೆ ಮುಂಚಿನ ಮನೆ ರಿಪೇರಿ, ಇಲ್ಲವೇ ಆಸ್ಪತ್ರೆಯ ಖರ್ಚು. ಈ ಪದ್ಧತಿ ಹುಟ್ಟಿದ್ದು 1928ರಲ್ಲಿ, ಉಡುಪಿಯ ಒಂದು ಪುಟ್ಟ ಬ್ಯಾಂಕಿನಲ್ಲಿ. ಆಗ ದಿನದ ಕಂತು ಎರಡಾಣೆ.

ಆ ಪುಟ್ಟ ಬ್ಯಾಂಕೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶವಿಡೀ ಹೆಸರಾಯಿತು. ದೂರದ ಲಂಡನ್ನಿನಲ್ಲೂ ಶಾಖೆ ತೆರೆಯಿತು. ಆದರೆ 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು, ಹೆಸರೂ ಫಲಕದಿಂದ ಇಳಿಯಿತು. ಜಗತ್ತಿನ ದೊಡ್ಡ ಬ್ಯಾಂಕುಗಳ ಜೊತೆ ನಿಲ್ಲಬೇಕಾದರೆ ನಮ್ಮ ಬ್ಯಾಂಕುಗಳೂ ದೊಡ್ಡದಾಗಬೇಕು ಎಂಬುದು ಆ ವಿಲೀನಕ್ಕೆ ಸರ್ಕಾರ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು.

ಜಾಗತಿಕ ಪೈಪೋಟಿ ಎಂದರೇನು? ಅದರಿಂದ ಮನೆಮಂದಿಯ ಉಳಿತಾಯಕ್ಕೆ, ಸಾಲಕ್ಕೆ, ಮಕ್ಕಳ ಉದ್ಯೋಗಕ್ಕೆ ಏನಾಗುತ್ತದೆ? ಅಭಿವೃದ್ಧಿಶೀಲ ದೇಶವೊಂದರ ಬ್ಯಾಂಕುಗಳು ಇಂಥ ಪೈಪೋಟಿಯನ್ನು ಎದುರಿಸಿದ ಬಗೆಯನ್ನು ತಿಳಿಯಲು ಭಾರತದ, ಅದರಲ್ಲೂ ಕರಾವಳಿ ಕರ್ನಾಟಕದ ಬ್ಯಾಂಕುಗಳ ಕಥೆಗಿಂತ ಒಳ್ಳೆಯ ಪಾಠ ಬೇರೆ ಸಿಗಲಾರದು.

ಬ್ಯಾಂಕುಗಳ ತವರು

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನು ಭಾರತೀಯ ಬ್ಯಾಂಕಿಂಗಿನ ತವರು ಎಂದು ಕರೆಯುವುದುಂಟು. 1906ರಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಹುಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್ ಬಂತು. ಮರುವರ್ಷ ಉದ್ಯಮಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ, ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕೇವಲ 8,000 ರೂಪಾಯಿ ಬಂಡವಾಳದೊಡನೆ ಸಿಂಡಿಕೇಟ್ ಬ್ಯಾಂಕಿಗೆ ಬುನಾದಿ ಹಾಕಿದರು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ರೈತರನ್ನು ಒಗ್ಗೂಡಿಸಿ ವಿಜಯಾ ಬ್ಯಾಂಕ್ ಕಟ್ಟಿದರು.

ಇವರಾರೂ ಕೋಟ್ಯಧೀಶರ ಹಣ ನಂಬಿ ಬ್ಯಾಂಕು ಕಟ್ಟಿದವರಲ್ಲ. ಸಾಲ ಕೇಳಲು ಬಂದವನ ಕುಲಗೋತ್ರ, ಅವನ ಗದ್ದೆಯ ಬೆಳೆ, ಅಂಗಡಿಯ ವ್ಯಾಪಾರ ಎಲ್ಲವೂ ಮ್ಯಾನೇಜರಿಗೆ ಬಾಯಿಪಾಠವಾಗಿರುತ್ತಿತ್ತು. ಆ ಪರಿಚಯವೇ ಬ್ಯಾಂಕಿನ ದೊಡ್ಡ ಭದ್ರತೆ.

1969ರ ಜುಲೈ 19ರಂದು ಕೇಂದ್ರ ಸರ್ಕಾರ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಅವುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರ ಏಪ್ರಿಲ್‌ನಲ್ಲಿ ಇನ್ನೂ ಆರು ಬ್ಯಾಂಕುಗಳು ಸರ್ಕಾರದ ಪಾಲಾದಾಗ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳೂ ಸೇರಿದವು. ರಾಷ್ಟ್ರೀಕೃತವಾದ ಇಪ್ಪತ್ತರಲ್ಲಿ ನಾಲ್ಕು ಒಂದೇ ಜಿಲ್ಲೆಯವು ಎಂಬುದು ಸಣ್ಣ ಮಾತಲ್ಲ.

ರಾಷ್ಟ್ರೀಕರಣದಿಂದ ಬ್ಯಾಂಕು ಹಳ್ಳಿಗೆ ಹೋಯಿತು ಎಂಬುದರಲ್ಲಿ ಎರಡು ಮಾತಿಲ್ಲ. 1969ರಲ್ಲಿ ದೇಶದಲ್ಲಿ ಇದ್ದ ಶಾಖೆಗಳು ಸುಮಾರು 8,300; ಅಂದರೆ 64,000 ಜನರಿಗೆ ಒಂದು. 1991ರ ವೇಳೆಗೆ ಶಾಖೆಗಳ ಸಂಖ್ಯೆ 60,000 ದಾಟಿ, ಸುಮಾರು 14,000 ಜನರಿಗೆ ಒಂದು ಶಾಖೆ ಎಂಬ ಸ್ಥಿತಿ ಬಂತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗ್ರಾಮೀಣ ಶಾಖೆಗಳು. ಅಷ್ಟು ಕಡಿಮೆ ಅವಧಿಯಲ್ಲಿ ಅಷ್ಟು ದೊಡ್ಡ ಜಾಲ ಹರಡಿದ ಉದಾಹರಣೆ ಜಗತ್ತಿನಲ್ಲೇ ಅಪರೂಪ.

ನೂರು ರೂಪಾಯಿಯ ಲೆಕ್ಕ

ಆದರೆ ಜಾಲ ಬೆಳೆದಷ್ಟು ಆರೋಗ್ಯ ಬೆಳೆಯಲಿಲ್ಲ. 1990ರ ಸುಮಾರಿನಲ್ಲಿ ಒಂದು ಬ್ಯಾಂಕಿಗೆ ನೂರು ರೂಪಾಯಿ ಠೇವಣಿ ಬಂತೆಂದು ಇಟ್ಟುಕೊಳ್ಳೋಣ. ಅದರಲ್ಲಿ 15 ರೂಪಾಯಿಯನ್ನು ನಗದು ಮೀಸಲು ಎಂದು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಿತ್ತು. ಇನ್ನು 38 ರೂಪಾಯಿ 50 ಪೈಸೆಯನ್ನು ಬಹುಪಾಲು ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಬೇಕಿತ್ತು. ಉಳಿದದ್ದು 46 ರೂಪಾಯಿ 50 ಪೈಸೆ. ಅದರಲ್ಲಿ ಶೇ 40ರಷ್ಟು, ಅಂದರೆ 18 ರೂಪಾಯಿ 60 ಪೈಸೆ, ಕೃಷಿ, ಸಣ್ಣ ಕೈಗಾರಿಕೆ ಮುಂತಾದ ಆದ್ಯತಾ ವಲಯಕ್ಕೆ ಮೀಸಲು. ಕೊನೆಗೆ ಬ್ಯಾಂಕಿನ ಸ್ವಂತ ವಿವೇಚನೆಗೆ ದಕ್ಕುತ್ತಿದ್ದುದು 28 ರೂಪಾಯಿಗೂ ಕಡಿಮೆ. ಬಡ್ಡಿ ದರವನ್ನೂ ಮೇಲಿನವರೇ ಗೊತ್ತುಮಾಡುತ್ತಿದ್ದರು. ಪೈಪೋಟಿ ಎಂಬುದಕ್ಕೆ ಎಡೆಯೇ ಇರಲಿಲ್ಲ.

1991ರಲ್ಲಿ ದೇಶದ ವಿದೇಶಿ ವಿನಿಮಯ ಬರಿದಾಗುವ ಹಂತ ತಲುಪಿ, ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಡಬೇಕಾಯಿತು. ಉದಾರೀಕರಣ ಆರಂಭವಾದದ್ದು ಆಗಲೇ. ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ಎಂ. ನರಸಿಂಹಂ ಅವರ ಅಧ್ಯಕ್ಷತೆಯ ಸಮಿತಿ ಅದೇ ವರ್ಷ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಬ್ಯಾಂಕುಗಳ ಕೈಕಟ್ಟು ಸಡಿಲಿಸಿ, ಖಾಸಗಿ ಬ್ಯಾಂಕುಗಳಿಗೆ ಬಾಗಿಲು ತೆರೆಯಿರಿ, ಲೆಕ್ಕಪತ್ರ ಜಗತ್ತಿನ ಮಟ್ಟಕ್ಕೆ ಬರಲಿ ಎಂಬುದು ಅದರ ತಿರುಳು. ಅಲ್ಲಿಂದ ಮೀಸಲು ಪ್ರಮಾಣ ಹಂತಹಂತವಾಗಿ ಇಳಿಯಿತು. ಸರ್ಕಾರಿ ಸಾಲಪತ್ರಗಳ ಕಡ್ಡಾಯ ಪಾಲು 2020ರ ಏಪ್ರಿಲ್‌ನಲ್ಲಿ ಶೇ 18ಕ್ಕೆ ಬಂತು.

ಬಾಸೆಲ್ ಎಂಬ ಅಳತೆಗೋಲು

ಜಾಗತಿಕ ಪೈಪೋಟಿಯ ಮೊದಲ ಪರೀಕ್ಷೆ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ. ಅಲ್ಲಿ ಕೂಡುವ ಕೇಂದ್ರೀಯ ಬ್ಯಾಂಕುಗಳ ಸಮಿತಿ 1988ರಲ್ಲಿ ಒಂದು ನಿಯಮ ಮಾಡಿತು: ಬ್ಯಾಂಕು ಕೊಟ್ಟ ಪ್ರತಿ ನೂರು ರೂಪಾಯಿ ಅಪಾಯದ ಸಾಲಕ್ಕೆ ಕನಿಷ್ಠ ಎಂಟು ರೂಪಾಯಿ ಅದರ ಸ್ವಂತ ಬಂಡವಾಳ ಇರಬೇಕು. ಭಾರತ 1992ರಲ್ಲಿ ಈ ಪದ್ಧತಿಯನ್ನು ಒಪ್ಪಿಕೊಂಡಿತು. 2000ದ ಮಾರ್ಚ್‌ನಿಂದ ಎಂಟನ್ನು ಒಂಬತ್ತಕ್ಕೆ ಏರಿಸಿತು.

ಇದರ ಮರ್ಮ ಸರಳ. ಬ್ಯಾಂಕು ಸಾಲ ಕೊಡುವುದು ಬಹುಪಾಲು ಜನರ ಹಣವನ್ನು. ನೂರರಲ್ಲಿ ಐದು ರೂಪಾಯಿ ಮುಳುಗಿದರೆ ಒಂಬತ್ತು ರೂಪಾಯಿ ಬಂಡವಾಳದಿಂದ ಅದನ್ನು ತುಂಬಬಹುದು, ಠೇವಣಿದಾರನಿಗೆ ತಟ್ಟುವುದಿಲ್ಲ. ಹದಿನೈದು ರೂಪಾಯಿ ಮುಳುಗಿದರೆ? ಬಂಡವಾಳ ಖಾಲಿಯಾಗಿ, ಆರು ರೂಪಾಯಿ ಠೇವಣಿದಾರನ ಬುಡಕ್ಕೇ ಬರುತ್ತದೆ. ಇಲ್ಲವೇ ಸರ್ಕಾರ ತೆರಿಗೆಯ ಹಣದಿಂದ ತುಂಬಬೇಕಾಗುತ್ತದೆ.

ಈ ಅಳತೆಗೋಲು ಹಿಡಿದಾಗ ಬಯಲಾದ ಸತ್ಯ ಕಹಿಯಾಗಿತ್ತು. ಬಡ್ಡಿ, ಅಸಲು ಬಾರದ ಸಾಲವನ್ನು ಬ್ಯಾಂಕಿನವರು ‘ಅನುತ್ಪಾದಕ ಆಸ್ತಿ’ ಎನ್ನುತ್ತಾರೆ. ಹಸು ಕೊಟ್ಟಿಗೆಯಲ್ಲಿದೆ, ಮೇವು ತಿನ್ನುತ್ತಿದೆ, ಹಾಲು ಮಾತ್ರ ಇಲ್ಲ ಎಂಬಂತೆ. 1993ರ ಮಾರ್ಚ್‌ನಲ್ಲಿ ಸರ್ಕಾರಿ ಬ್ಯಾಂಕುಗಳ ಸಾಲದಲ್ಲಿ ಶೇ 23ರಷ್ಟು ಇಂಥ ಬರಡು ಹಸುಗಳೇ ಇದ್ದವು.

ಭಯ ಬಂದದ್ದೊಂದು ಕಡೆಯಿಂದ

ವಿದೇಶಿ ಬ್ಯಾಂಕುಗಳು ನುಗ್ಗಿ ದೇಶೀ ಬ್ಯಾಂಕುಗಳನ್ನು ನುಂಗಿಹಾಕುತ್ತವೆ ಎಂಬ ಭಯ ಆ ದಿನಗಳಲ್ಲಿ ದಟ್ಟವಾಗಿತ್ತು. ವಾಸ್ತವವಾಗಿ ವಿದೇಶಿ ಬ್ಯಾಂಕುಗಳು ಇಲ್ಲಿಗೆ ಹೊಸಬರೇನಲ್ಲ. ಇಂದಿನ ಸ್ಟ್ಯಾಂಡರ್ಡ್ ಚಾರ್ಟರ್ಡ್‌ನ ಪೂರ್ವಜ ಸಂಸ್ಥೆ 1858ರಲ್ಲೇ ಕಲ್ಕತ್ತಾದಲ್ಲಿತ್ತು. ಅಮೆರಿಕದ ಸಿಟಿ ಬ್ಯಾಂಕ್ 1902ರಲ್ಲಿ ಬಂದಿತ್ತು. ಉದಾರೀಕರಣದ ನಂತರ ಅವು ಮಹಾನಗರಗಳಲ್ಲಿ ಕ್ರೆಡಿಟ್ ಕಾರ್ಡು, ಎಟಿಎಂ, ಹವಾನಿಯಂತ್ರಿತ ಕೌಂಟರುಗಳ ರುಚಿ ಹತ್ತಿಸಿದವು. ಹಳ್ಳಿಯತ್ತ ಮಾತ್ರ ತಿರುಗಿ ನೋಡಲಿಲ್ಲ. ಕೊನೆಗೆ 2023ರ ಮಾರ್ಚ್ 1ರಂದು ಸಿಟಿ ಬ್ಯಾಂಕೇ ಭಾರತದಲ್ಲಿನ ತನ್ನ ಗೃಹ ಗ್ರಾಹಕರ ವಹಿವಾಟನ್ನು ಆಕ್ಸಿಸ್ ಬ್ಯಾಂಕಿಗೆ ಮಾರಿ ಆ ಕ್ಷೇತ್ರದಿಂದ ಹೊರನಡೆಯಿತು.

ನಿಜವಾದ ಏಟು ಕೊಟ್ಟವರು ಮನೆಯೊಳಗಿನವರೇ. 1993ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊಸ ಖಾಸಗಿ ಬ್ಯಾಂಕುಗಳಿಗೆ ಅನುಮತಿ ನೀಡುವ ನಿಯಮ ಹೊರಡಿಸಿತು. ಎಚ್‌ಡಿಎಫ್‌ಸಿ, ಐಸಿಐಸಿಐ ಮುಂತಾದವು ಹುಟ್ಟಿದ ದಿನವೇ ಕಂಪ್ಯೂಟರ್ ಹಿಡಿದು ಬಂದವು. ಅವುಗಳಿಗೆ ಹಳೆಯ ಲೆಜರಿನ ಹೊರೆ ಇರಲಿಲ್ಲ. ಸರ್ಕಾರಿ ಬ್ಯಾಂಕುಗಳಲ್ಲಾದರೋ, ಯಂತ್ರ ಬಂದರೆ ಕೆಲಸ ಹೋಗುತ್ತದೆ ಎಂಬ ಆತಂಕದಿಂದ ನೌಕರರ ಸಂಘಗಳು ಕಂಪ್ಯೂಟರನ್ನು ಬಹುಕಾಲ ವಿರೋಧಿಸಿದ್ದವು. ಆತಂಕ ಪೂರ್ತಿ ಸುಳ್ಳೂ ಆಗಿರಲಿಲ್ಲ. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಲಕ್ಷಕ್ಕೂ ಹೆಚ್ಚು ಬ್ಯಾಂಕ್ ನೌಕರರು ಮನೆಗೆ ಹೋದರು.

ಖಾಸಗಿ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿತ್ತೆಂದಲ್ಲ. 1994ರಲ್ಲಿ ಆರಂಭವಾದ ಗ್ಲೋಬಲ್ ಟ್ರಸ್ಟ್ ಬ್ಯಾಂಕ್ ಹತ್ತೇ ವರ್ಷದಲ್ಲಿ ಕುಸಿದು, 2004ರಲ್ಲಿ ಸರ್ಕಾರಿ ಬ್ಯಾಂಕೊಂದರ ಮಡಿಲಿಗೆ ಬಿತ್ತು. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಗ್ರಾಹಕರು 50,000 ರೂಪಾಯಿಗಿಂತ ಹೆಚ್ಚು ತೆಗೆಯಲಾಗದೆ ಕಂಗಾಲಾದರು. ಆಗಲೂ ಪಾರುಮಾಡಲು ಮುಂದಾದದ್ದು ಸ್ಟೇಟ್ ಬ್ಯಾಂಕ್. 2025ರಲ್ಲಿ ಅದೇ ಯೆಸ್ ಬ್ಯಾಂಕಿನ ಐದನೇ ಒಂದು ಭಾಗಕ್ಕೂ ಮಿಕ್ಕಿದ ಷೇರನ್ನು ಜಪಾನಿನ ಸುಮಿಟೊಮೊ ಮಿತ್ಸುಯಿ ಬ್ಯಾಂಕ್ ಕೊಂಡುಕೊಂಡಿತು. ವಿದೇಶಿ ಬಂಡವಾಳ ಹೊಸ ಶಾಖೆ ತೆರೆಯುವುದರ ಬದಲು ಇದ್ದ ಬ್ಯಾಂಕಿನ ಪಾಲು ಹಿಡಿಯುವ ದಾರಿ ತುಳಿಯುತ್ತಿರುವುದಕ್ಕೆ ಇದೊಂದು ನಿದರ್ಶನ. ಖಾಸಗಿ ಬ್ಯಾಂಕುಗಳಲ್ಲಿ ವಿದೇಶಿ ಪಾಲು ಶೇ 74ರವರೆಗೆ ಇರಬಹುದೆಂದು 2004ರಲ್ಲೇ ಅವಕಾಶ ಮಾಡಿಕೊಡಲಾಗಿತ್ತು.

ದೊಡ್ಡವರ ಸಾಲ, ಎಲ್ಲರ ಹೊರೆ

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ದಿವಾಳಿಯಾಗಿ ಜಗತ್ತಿನ ಬ್ಯಾಂಕುಗಳು ತತ್ತರಿಸಿದಾಗ, ಭಾರತದ ಬ್ಯಾಂಕುಗಳಿಗೆ ಅಷ್ಟಾಗಿ ಗಾಳಿ ತಗುಲಲಿಲ್ಲ. ಕಟ್ಟುನಿಟ್ಟಿನ ನಿಯಮಗಳನ್ನು ಹಳಿದವರೇ ಆಗ ಅವುಗಳನ್ನು ಹೊಗಳಿದರು. ಆದರೆ ಸಂಕಟ ಬೇರೆ ಬಾಗಿಲಿನಿಂದ ಬಂತು. ಆ ಹೊತ್ತಿನಲ್ಲಿ ವಿದ್ಯುತ್, ಉಕ್ಕು, ಹೆದ್ದಾರಿಗಳಂಥ ದೊಡ್ಡ ಯೋಜನೆಗಳಿಗೆ ಕಣ್ಣುಮುಚ್ಚಿ ಕೊಟ್ಟ ಸಾಲಗಳು ಒಂದೊಂದಾಗಿ ಹಳಸತೊಡಗಿದವು. ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಟ್ಟು ಲೆಕ್ಕ ಚೆಂದಗಾಣಿಸುವ ಚಾಳಿಯೂ ಬೆಳೆಯಿತು. 2015ರಲ್ಲಿ ರಿಸರ್ವ್ ಬ್ಯಾಂಕ್ ಕಡತಗಳನ್ನು ಬಿಚ್ಚಿಸಿ ನೋಡಿದ ಮೇಲೆ ನಿಜಸ್ಥಿತಿ ಹೊರಬಂತು. 2018ರ ಮಾರ್ಚ್‌ನಲ್ಲಿ ಸರ್ಕಾರಿ ಬ್ಯಾಂಕುಗಳ ಕೆಟ್ಟ ಸಾಲ ಶೇ 14.6ಕ್ಕೆ ಮುಟ್ಟಿತ್ತು.

ಅದೇ ವರ್ಷ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿ ಶಾಖೆಯೊಂದರಲ್ಲಿ 13,000 ಕೋಟಿ ರೂಪಾಯಿಗೂ ಮೀರಿದ ವಂಚನೆ ಬೆಳಕಿಗೆ ಬಂತು. ವಿದೇಶಗಳಿಗೆ ಭರವಸೆ ಪತ್ರದ ಸಂದೇಶ ಕಳಿಸುವ ಜಾಲಕ್ಕೂ ಬ್ಯಾಂಕಿನ ಒಳಗಿನ ಕಂಪ್ಯೂಟರ್ ಲೆಕ್ಕಕ್ಕೂ ಕೊಂಡಿಯೇ ಇರಲಿಲ್ಲ. ಜಾಗತಿಕ ವಹಿವಾಟಿಗೆ ಇಳಿದ ಬ್ಯಾಂಕಿನಲ್ಲಿ ಒಂದು ಸಣ್ಣ ಬಿರುಕು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬರಿದಾದ ಬಂಡವಾಳ ತುಂಬಲು 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2.11 ಲಕ್ಷ ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಅದರ ಬಹುಪಾಲು ಸರ್ಕಾರ ಹೊತ್ತ ಸಾಲವೇ. ಅಂದರೆ ಕೊನೆಗೆ ತೆರಿಗೆ ಕಟ್ಟುವವರ ಹೊರೆ. 2016ರ ದಿವಾಳಿ ಸಂಹಿತೆಯ ಭಯದಿಂದ ಕೆಲವು ಸಾಲ ವಸೂಲಾಯಿತು, ಇನ್ನು ಕೆಲವನ್ನು ಪುಸ್ತಕದಿಂದ ತೆಗೆದುಹಾಕಲಾಯಿತು. 2024ರ ಮಾರ್ಚ್ ವೇಳೆಗೆ ಎಲ್ಲ ವಾಣಿಜ್ಯ ಬ್ಯಾಂಕುಗಳ ಕೆಟ್ಟ ಸಾಲ ಶೇ 2.8ಕ್ಕೆ ಇಳಿದದ್ದು ಸಮಾಧಾನದ ಸಂಗತಿ. ಆದರೆ ಹಳ್ಳಿಯ ರೈತನ ಮನೆಗೆ ನೋಟಿಸು ಬರುವ ವೇಗದಲ್ಲೇ ದೊಡ್ಡ ಉದ್ಯಮಿಯ ಮನೆಗೂ ಬರುತ್ತಿದ್ದರೆ ಹೊರೆ ಇಷ್ಟಾಗುತ್ತಿತ್ತೇ ಎಂದು ಜನಸಾಮಾನ್ಯರು ಕೇಳುವುದರಲ್ಲಿ ತಪ್ಪಿಲ್ಲ.

ಗಾತ್ರವೇ ಬಲವೇ?

2017ರ ಏಪ್ರಿಲ್‌ನಲ್ಲಿ, 1913ರಲ್ಲಿ ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಹುಟ್ಟಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸೇರಿದಂತೆ ಐದು ಸಹವರ್ತಿ ಬ್ಯಾಂಕುಗಳು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಒಂದಾದವು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕನ್ನೂ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕನ್ನೂ ಸೇರಿದವು. ಯಾವ ಬ್ಯಾಂಕನ್ನು ಯಾವುದರೊಡನೆ ಜೋಡಿಸಬೇಕೆಂಬುದರಲ್ಲಿ ಎರಡೂ ಒಂದೇ ಬಗೆಯ ಕಂಪ್ಯೂಟರ್ ತಂತ್ರಾಂಶ ಬಳಸುತ್ತಿವೆಯೇ ಎಂಬುದನ್ನೂ ನೋಡಲಾಯಿತು. 27 ಇದ್ದ ಸರ್ಕಾರಿ ಬ್ಯಾಂಕುಗಳು 12ಕ್ಕೆ ಇಳಿದವು. ಕರಾವಳಿಯ ಐದು ಹೆಸರುಗಳಲ್ಲಿ ಉಳಿದದ್ದು ಎರಡು: ಕೆನರಾ ಮತ್ತು ಖಾಸಗಿಯಾಗಿಯೇ ಇರುವ ಕರ್ಣಾಟಕ ಬ್ಯಾಂಕ್.

ವಿಲೀನದ ಪರವಾದ ವಾದ ಬಲವಾಗಿಯೇ ಇದೆ. 2024ರಲ್ಲಿ ಜಗತ್ತಿನ ಅತಿ ದೊಡ್ಡ ನಾಲ್ಕೂ ಬ್ಯಾಂಕುಗಳು ಚೀನಾದವು. ಭಾರತದ ಅತಿ ದೊಡ್ಡದಾದ ಸ್ಟೇಟ್ ಬ್ಯಾಂಕಿನ ಗಾತ್ರ ಅವುಗಳಲ್ಲಿ ಮೊದಲನೆಯದರ ಆರನೇ ಒಂದು ಭಾಗಕ್ಕಿಂತಲೂ ಕಡಿಮೆ. ದೊಡ್ಡ ಬಂದರು, ರೈಲುಮಾರ್ಗ, ವಿದೇಶಿ ಕಂಪೆನಿಯ ಖರೀದಿಗೆಲ್ಲ ಸಾಲ ಕೊಡಲು ದೊಡ್ಡ ಬಂಡವಾಳವೇ ಬೇಕು. ಆದರೆ ಎರಡು ಅಶಕ್ತ ಬ್ಯಾಂಕುಗಳನ್ನು ಕೂಡಿಸಿದರೆ ಒಂದು ಶಕ್ತ ಬ್ಯಾಂಕು ಹುಟ್ಟುತ್ತದೆಂಬ ಖಾತರಿಯಿಲ್ಲ. 1998ರಲ್ಲಿ ನರಸಿಂಹಂ ಅವರ ಎರಡನೇ ಸಮಿತಿಯೂ, ಬಲವಾದವುಗಳನ್ನೇ ಬಲವಾದವುಗಳೊಂದಿಗೆ ಸೇರಿಸಬೇಕು ಎಂದಿತ್ತು. ಜೊತೆಗೆ ಒಂದೇ ಬೀದಿಯ ಎರಡು ಶಾಖೆಗಳಲ್ಲಿ ಒಂದು ಮುಚ್ಚಿದಾಗ, ದೂರದ ರಾಜ್ಯದಿಂದ ವರ್ಗವಾಗಿ ಬಂದ ಅಧಿಕಾರಿಗೆ ಕನ್ನಡ ಬಾರದಿದ್ದಾಗ, ಮೊದಲು ತೊಂದರೆಗೀಡಾಗುವವರು ಸಾಲಿನಲ್ಲಿ ನಿಂತ ಪಿಂಚಣಿದಾರರು ಮತ್ತು ರೈತರು.

ಜೇಬಿನೊಳಗಿನ ಪ್ರತಿಸ್ಪರ್ಧಿ

ಪೈಪೋಟಿಯ ರೂಪ ಈಗ ಮತ್ತೆ ಬದಲಾಗಿದೆ. 2016ರಲ್ಲಿ ಬಂದ ಯುಪಿಐ ಪಾವತಿ ವ್ಯವಸ್ಥೆ ಭಾರತವೇ ಕಟ್ಟಿದ್ದು. 2024ರ ಒಂದೇ ವರ್ಷದಲ್ಲಿ ಅದರ ಮೂಲಕ 17,000 ಕೋಟಿಗೂ ಹೆಚ್ಚು ವ್ಯವಹಾರಗಳು ನಡೆದವು. ತರಕಾರಿ ಗಾಡಿಯ ಮೇಲೂ ಅದರ ಚೌಕದ ಚಿತ್ರ ಅಂಟಿದೆ. ಆದರೆ ಜನ ಒತ್ತುವ ಆ್ಯಪ್ ಹೆಚ್ಚಾಗಿ ಬ್ಯಾಂಕಿನದಲ್ಲ. ಈ ವ್ಯವಹಾರದ ಸಿಂಹಪಾಲು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ, ಅಮೆರಿಕದ ವಾಲ್‌ಮಾರ್ಟ್ ಬಂಡವಾಳದ ಫೋನ್‌ಪೇ ಮತ್ತು ಗೂಗಲ್ ಪೇ ಕೈಯಲ್ಲಿದೆ. ವಿದೇಶಿ ಸ್ಪರ್ಧಿ ಶಾಖೆಯ ಫಲಕ ಹಾಕಿಕೊಂಡು ಬರುತ್ತಾನೆಂದು ಕಾದಿದ್ದವರ ಜೇಬಿನೊಳಗೇ ಅವನು ಬಂದು ಕುಳಿತಿದ್ದಾನೆ. ಹಣ ಬ್ಯಾಂಕಿನಲ್ಲೇ ಇದೆ. ಗ್ರಾಹಕನ ಪರಿಚಯ ಮಾತ್ರ ಆ್ಯಪ್‌ನವರ ಪಾಲಾಗುತ್ತಿದೆ.

ಇನ್ನೊಂದೆಡೆ, ಠೇವಣಿಯ ಬಡ್ಡಿ ಸಾಲದೆಂದು ಜನ ಮ್ಯೂಚುವಲ್ ಫಂಡು, ಷೇರುಗಳತ್ತ ವಾಲುತ್ತಿದ್ದಾರೆ. ಠೇವಣಿ ಬಾರದೆ ಸಾಲ ಕೊಡುವುದಾದರೂ ಹೇಗೆ ಎಂಬ ಚಿಂತೆ ಬ್ಯಾಂಕುಗಳದು. ಮೊಬೈಲಿನ ಮೂಲಕ ನಡೆಯುವ ವಂಚನೆಗಳು ಇದಕ್ಕೆ ಸೇರಿಕೊಂಡಿವೆ.

ಹಾಗೆಂದು ಭಾರತ ಈ ಆಟದಲ್ಲಿ ಬರೀ ಪೆಟ್ಟು ತಿನ್ನುವ ಪಾತ್ರಧಾರಿಯಲ್ಲ. ಬೆಂಗಳೂರಿನ ಇನ್ಫೊಸಿಸ್ ರೂಪಿಸಿದ ‘ಫಿನಾಕಲ್’ ತಂತ್ರಾಂಶದ ಮೇಲೆ ಹತ್ತಾರು ದೇಶಗಳ ಬ್ಯಾಂಕುಗಳು ನಡೆಯುತ್ತಿವೆ ಎಂಬುದನ್ನು ಮರೆಯಬಾರದು.

ಮನೆಯವರು ಗಮನಿಸಬೇಕಾದದ್ದು

ಠೇವಣಿ ವಿಮೆ: ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ 2020ರ ಫೆಬ್ರವರಿಯಿಂದ ಇದೆ. ಅದಕ್ಕೆ ಮುಂಚೆ ಈ ಮಿತಿ 1 ಲಕ್ಷ ಮಾತ್ರವಿತ್ತು. ಒಂದೇ ಬ್ಯಾಂಕಿನ ಹಲವು ಶಾಖೆಗಳಲ್ಲಿ ಇಟ್ಟರೆ ಲೆಕ್ಕ ಒಟ್ಟಾಗಿಯೇ ಆಗುತ್ತದೆ. ಹೆಚ್ಚು ಬಡ್ಡಿಯ ಆಸೆ ತೋರಿಸುವ ಸಂಸ್ಥೆ ಈ ವಿಮೆಯ ವ್ಯಾಪ್ತಿಯಲ್ಲಿದೆಯೇ ಎಂದು ಮೊದಲು ಕೇಳಬೇಕು.

ಶಿಕ್ಷಣ ಸಾಲ: 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಓದು ಮುಗಿದ ಮೇಲೆ ಕಂತು ತಪ್ಪಿದರೆ ವಿದ್ಯಾರ್ಥಿಯ ಹೆಸರು ಸಾಲದ ದಾಖಲೆಯಲ್ಲಿ ಕೆಡುತ್ತದೆ. ನಾಳೆ ಮನೆ ಸಾಲಕ್ಕೂ ಅದು ಅಡ್ಡಬರುತ್ತದೆ.

ಉದ್ಯೋಗ: ಕೂಡಿಸಿ ಕಳೆಯುವ ಗುಮಾಸ್ತಿಕೆಯನ್ನು ಯಂತ್ರ ವಹಿಸಿಕೊಂಡಾಗಿದೆ. ಸಾಲದ ಅರ್ಜಿಯ ಹಿಂದಿನ ಅಪಾಯ ಅಳೆಯಬಲ್ಲವರು, ಮಾಹಿತಿ ಸುರಕ್ಷತೆ ಬಲ್ಲವರು, ಕೃಷಿ ಮತ್ತು ಸಣ್ಣ ಉದ್ದಿಮೆ ಅರಿತವರು ಬ್ಯಾಂಕುಗಳಿಗೆ ಬೇಕಾಗಿದ್ದಾರೆ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಲು 2021ರಲ್ಲಿ ತೀರ್ಮಾನವಾಯಿತು. ಗ್ರಾಮೀಣ ವಿದ್ಯಾರ್ಥಿಗಳು ಈ ಅವಕಾಶವನ್ನು ಬಿಡಬಾರದು.

ಮೂರು ದಶಕಗಳ ಪೈಪೋಟಿ ಗ್ರಾಹಕನಿಗೆ ಒಳ್ಳೆಯದನ್ನೂ ಮಾಡಿದೆ. ಟೋಕನ್ ಹಿಡಿದು ಅರ್ಧ ದಿನ ಕಾಯುವ ಕಾಲ ಹೋಗಿದೆ. ಬೆಂಗಳೂರಿನಲ್ಲಿ ದುಡಿಯುವ ಮಗ ಕಳಿಸಿದ ಹಣ ನಿಮಿಷದಲ್ಲಿ ಹಳ್ಳಿಯ ತಾಯಿಯ ಖಾತೆಗೆ ಬೀಳುತ್ತದೆ. ಜಗತ್ತಿನೊಡನೆ ಸ್ಪರ್ಧಿಸಲು ಬಂಡವಾಳ ಬೇಕು, ಯಂತ್ರ ಬೇಕು, ಲೆಕ್ಕದ ಪ್ರಾಮಾಣಿಕತೆ ಬೇಕು ಎಂಬುದೂ ಮನದಟ್ಟಾಗಿದೆ. ಆದರೆ ಎಂಟು ಸಾವಿರ ರೂಪಾಯಿಯ ಬ್ಯಾಂಕೊಂದು ಬೆಳೆದು ನಿಂತದ್ದು ಎರಡಾಣೆ ಉಳಿಸುವವನನ್ನೂ ಗ್ರಾಹಕನೆಂದು ಗೌರವಿಸಿದ್ದರಿಂದ. ಇಂದಿಗೂ ಅಂಗಡಿ ಬೀದಿಯಲ್ಲಿ ಪಿಗ್ಮಿ ಚೀಲ ಓಡಾಡುತ್ತಿದೆ. ದೊಡ್ಡದಾಗುವ ಭರದಲ್ಲಿ ಬ್ಯಾಂಕುಗಳು ಆ ಚೀಲಕ್ಕೆ ಹಣ ಹಾಕುವವನಿಗೆ ಅಗತ್ಯ ಬಿದ್ದಾಗ ಸಾಲ ಕೊಡುತ್ತವೆಯೋ, ಇಲ್ಲ ಅವನ ಹಣವನ್ನಷ್ಟೇ ಬಳಸಿಕೊಳ್ಳುತ್ತವೆಯೋ ಎಂಬುದನ್ನು ಮುಂದಿನ ದಿನಗಳಲ್ಲಿ ಎಲ್ಲರೂ ಗಮನಿಸುತ್ತಿರಬೇಕು.